ನಂಬರು ಬರೆದ ಡಬ್ಬಿಗಳು

ಹುಬ್ಬಳ್ಳಿ
೯ ಜುಲೈ ೧೯೯೭

ಶ್ರೀಮತಿ ಪರಿಮಳಾ ಹೆಗಡೆಯವರಿಗೆ, ನಮಸ್ಕಾರ.

ಸಂಧಿವಾತದ ಹೊಸ ಗುಳಿಗೆಯನ್ನು ನಮ್ಮ ಆಸ್ಪತ್ರೆಯಲ್ಲಿ ಪರೀಕ್ಷಿಸುತ್ತಿದ್ದೇವೆ. ಅದಕ್ಕೆ ಸೇರಲು ನೀವು ಮೊನ್ನೆ ಸಹಿ ಹಾಕಿ ಹೋದಿರಿ. ಹೊರಡುವಾಗ, ‘ಇಂಗ್ಲಿಷಿನಲ್ಲಿ ಓದಿದ್ದೇನೋ ಆಯಿತು, ಮನೆಗೆ ಹೋದಮೇಲೆ ಅನುಮಾನ ಬರುತ್ತದೆ, ಕನ್ನಡದಲ್ಲಿ ಒಮ್ಮೆ ಬರೆದು ಕಳಿಸಿ’ ಎಂದಿರಿ. ಬರೆಯುತ್ತಿದ್ದೇನೆ.

ಈಗ ತೆಗೆದುಕೊಳ್ಳುತ್ತಿರುವ ಮಾಮೂಲಿ ಗುಳಿಗೆಯನ್ನು ನಿಲ್ಲಿಸಬೇಡಿ. ಅದರ ಜೊತೆ ನಾವು ಕೊಟ್ಟ ಡಬ್ಬಿಯಿಂದ ದಿನಕ್ಕೊಂದು ಗುಳಿಗೆ ನುಂಗಬೇಕು. ಸೇರಿದವರಲ್ಲಿ ಅರ್ಧ ಜನರ ಡಬ್ಬಿಯಲ್ಲಿ ಹೊಸ ಔಷಧವಿದೆ. ಉಳಿದರ್ಧ ಜನರ ಡಬ್ಬಿಯಲ್ಲಿ ನೋಡಲು ಹಾಗೆಯೇ ಇರುವ ಸಕ್ಕರೆ ಗುಳಿಗೆಯಿದೆ. ಯಾರಿಗೆ ಯಾವುದು ಎಂಬುದು ಚೀಟಿ ಎತ್ತಿದ ಹಾಗೆ ತೀರ್ಮಾನವಾಗಿದೆ. ಡಬ್ಬಿಯ ಮೇಲೆ ನಂಬರು ಮಾತ್ರ ಇರುತ್ತದೆ. ನಿಮ್ಮದು ಯಾವುದೆಂದು ನಿಮಗೂ ಗೊತ್ತಾಗುವುದಿಲ್ಲ, ನನಗೂ ಗೊತ್ತಿಲ್ಲ. ಆ ಗುಟ್ಟು ಮುಚ್ಚಿದ ಲಕೋಟೆಗಳಲ್ಲಿದೆ. ಜೀವಕ್ಕೆ ಅಪಾಯ ಬಂದರೆ ಮಾತ್ರ ಒಡೆಯುತ್ತೇವೆ.

ಔಷಧದ ಪ್ರಮಾಣ ತಿಂಗಳಿಂದ ತಿಂಗಳಿಗೆ ಏರುತ್ತದೆ. ಹಾಗಾಗಿ ಆಯಾ ತಿಂಗಳ ಡಬ್ಬಿಯನ್ನು ಆಯಾ ತಿಂಗಳೇ ಮುಗಿಸಬೇಕು. ತಿಂಗಳಿಗೊಂದು ಬುಧವಾರ ಬಂದು ರಕ್ತ ಕೊಡಬೇಕು. ನೋವು ಎಷ್ಟಿದೆಯೆಂದು ಕಾಗದದ ಗೆರೆಯ ಮೇಲೆ ಗುರುತು ಹಾಕಬೇಕು. ಸಂದೇಹವಿದ್ದರೆ ಬರೆಯಿರಿ. ನಾನೂ ನಿಮ್ಮ ತಾಲೂಕಿನವನೇ, ಊರು ಹುಲಗೋಳ.

ಡಾ. ಕಿಶೋರ ಭಟ್ಟ


ಸಿರ್ಸಿ
೨೨ ಆಗಸ್ಟ್ ೧೯೯೭

ಡಾಕ್ಟರ್ ಕಿಶೋರ ಅವರಿಗೆ,

ಈ ಪತ್ರವನ್ನು ನಾನೇ ಟೈಪ್ ಮಾಡಿದ್ದೇನೆ. ನಿಮಗೆ ಹೇಳಬೇಕಾದ ಮುಖ್ಯ ಸುದ್ದಿ ಇದೇ. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಎಂಟು ಮಷಿನು ಇಟ್ಟುಕೊಂಡು ಟೈಪಿಂಗ್ ಕಲಿಸುತ್ತೇನೆಂದು ನಿಮಗೆ ಹೇಳಿದ್ದೆ. ಎರಡು ವರ್ಷದಿಂದ ನಾನು ಬಾಯಲ್ಲಿ ಕಲಿಸುವವಳಾಗಿದ್ದೆ. ಹುಡುಗಿಯರ ಬೆನ್ನ ಹಿಂದೆ ನಿಂತು ‘ಕಿರುಬೆರಳು, ಕಿರುಬೆರಳು’ ಎಂದು ಕೂಗುವುದು, ನನ್ನ ಕಿರುಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುವುದು. ಈ ವಾರ ಅದೇ ಬೆರಳು ಕೀ ಒತ್ತುತ್ತಿದೆ. ಬೆಳಿಗ್ಗೆ ಎದ್ದಾಗಿನ ಬಿಗಿತವೂ ಕಾಫಿ ಕುಡಿಯುವುದರೊಳಗೆ ಬಿಡುತ್ತಿದೆ.

‘ನನಗೂ ಗೊತ್ತಿಲ್ಲ’ ಎಂದು ಬರೆದಿದ್ದೀರಿ. ಹಾಗೆ ಬರೆಯಬೇಕೆಂಬ ನಿಯಮವಿರಬೇಕು. ತಾನು ಕೊಡುವ ಮದ್ದು ಏನೆಂದು ತಿಳಿಯದ ಡಾಕ್ಟರು ಎಲ್ಲಾದರೂ ಇರುತ್ತಾರೆಯೇ? ಇರಲಿ, ಹೇಳಬೇಡಿ. ನನಗೆ ಬಂದಿರುವುದು ಯಾವುದೆಂದು ನನ್ನ ಬೆರಳಿಗೆ ಗೊತ್ತು.

ನಮ್ಮನೆಯವರು, ಸೊಸೈಟಿಯಲ್ಲಿ ಗುಮಾಸ್ತರು, ನಿಮ್ಮ ಪತ್ರ ಓದಿ, ‘ಸಕ್ರೆ ತಿಂಬಲೆ ಹುಬ್ಬಳ್ಳಿಗೆ ಎಂತಕ್ಕೆ ಹೋಗವು? ಮನೇಲೇ ಇದ್ದು’ ಎಂದು ನಕ್ಕಿದ್ದರು. ಈಗ ನಗುತ್ತಿಲ್ಲ.

ಪರಿಮಳಾ ಹೆಗಡೆ


ಹುಬ್ಬಳ್ಳಿ
೨ ಸೆಪ್ಟೆಂಬರ್ ೧೯೯೭

ಶ್ರೀಮತಿ ಪರಿಮಳಾ ಹೆಗಡೆಯವರಿಗೆ,

ನಿಮ್ಮ ಬೆರಳು ಆಡುತ್ತಿರುವುದು ಸಂತೋಷ. ಆದರೆ ನನಗೆ ಗೊತ್ತಿಲ್ಲ ಎಂದದ್ದು ಉಪಚಾರದ ಮಾತಲ್ಲ. ನನಗೆ ತಿಳಿದರೆ ಔಷಧ ಪಡೆದವರನ್ನು ಒಂದು ಕಣ್ಣಿನಿಂದ, ಪಡೆಯದವರನ್ನು ಇನ್ನೊಂದು ಕಣ್ಣಿನಿಂದ ನೋಡುತ್ತೇನೆ, ಗೊತ್ತಿಲ್ಲದೆಯೇ ಹಾಗಾಗುತ್ತದೆ. ಅದಕ್ಕೇ ಈ ವ್ಯವಸ್ಥೆ. ಮೊದಲ ತಿಂಗಳುಗಳಲ್ಲಿ ಹಲವರಿಗೆ ಹಗುರವೆನಿಸುತ್ತದೆ. ದಯವಿಟ್ಟು ಈಗಲೇ ತೀರ್ಮಾನಕ್ಕೆ ಬರಬೇಡಿ.

ಡಾ. ಕಿಶೋರ ಭಟ್ಟ


ಸಿರ್ಸಿ
೨೪ ನವೆಂಬರ್ ೧೯೯೭

ಡಾಕ್ಟರ್ ಕಿಶೋರ ಅವರಿಗೆ,

ಇದು ನನ್ನ ವಿಷಯವಲ್ಲ, ದಾಸನಕೊಪ್ಪದ ಕಡೆಯ ಅನ್ನಪೂರ್ಣವ್ವನ ವಿಷಯ. ಅವರೂ ನಿಮ್ಮ ಪರೀಕ್ಷೆಯಲ್ಲಿದ್ದಾರೆ. ನಾವಿಬ್ಬರೂ ಒಂದೇ ತಿಂಗಳು ಸೇರಿದ್ದು, ಬರುವುದೂ ಒಂದೇ ಬುಧವಾರ. ಅವರು ಸಿರ್ಸಿಗೆ ಬಂದು ನನ್ನ ಜೊತೆ ಹುಬ್ಬಳ್ಳಿ ಬಸ್ಸು ಹತ್ತುತ್ತಾರೆ. ಭತ್ತದ ಗದ್ದೆ, ಎರಡು ಎಮ್ಮೆ, ಮನೆ ತುಂಬ ಜನ ಇರುವ ಹೆಂಗಸು.

ಮೊನ್ನೆ ಬಸ್ಸಿನಲ್ಲಿ ಅವರ ಕೈ ನೋಡಿದೆ. ಗೆಣ್ಣುಗಳು ನೆಲ್ಲಿಕಾಯಿಯ ಹಾಗೆ ಊದಿವೆ. ‘ಹಾಲು ಹಿಂಡಾಕ ಬರವಲ್ದು ಅಕ್ಕಾರ. ಕೈ ಅನ್ನೂದು ಕಟಗಿ ಆಗೇತಿ’ ಎಂದರು. ದಾರಿಯಲ್ಲಿ ಬಸ್ಸು ನಿಂತಾಗ ಚಹಾದ ಲೋಟವನ್ನು ಎರಡು ಮಣಿಕಟ್ಟಿನ ನಡುವೆ ಸಿಕ್ಕಿಸಿಕೊಂಡು ಕುಡಿದರು.

ಅಂಥವರು ನಿಮ್ಮ ಕೋಣೆಗೆ ಬಂದು ಗೆರೆಯ ಮೇಲೆ ಕಡಿಮೆ ನೋವಿನ ಕಡೆಗೆ ಗುರುತು ಹಾಕಿದರು. ನಾನು ಪಕ್ಕದಲ್ಲೇ ಇದ್ದೆ. ಹೊರಗೆ ಬಂದು ಯಾಕೆಂದು ಕೇಳಿದೆ. ‘ಡಾಕ್ಟ್ರು ಸಣ್ಣ ಹುಡುಗ, ಪಾಪ. ಅಷ್ಟು ಕಾಳಜೀಲೆ ನೋಡ್ತಾನ. ಕಡಿಮಿ ಆಗಿಲ್ಲ ಅಂದ್ರ ಅವಗ ಬ್ಯಾಸರ ಆಗೂದಿಲ್ಲೇನ್ರಿ?’ ಎಂದರು.

ನನಗೆ ಮದ್ದು ಬಂದಿದೆ, ಅವರಿಗೆ ಸಕ್ಕರೆ ಬಂದಿದೆ. ಇದನ್ನು ತಿಳಿಯಲು ನಿಮ್ಮ ಲಕೋಟೆ ಒಡೆಯಬೇಕಾಗಿಲ್ಲ. ಅವರಿಗೆ ಮದ್ದಿನ ಡಬ್ಬಿ ಕೊಡಿ. ಯಾರ ಚೀಟಿ ಯಾರಿಗೆ ಬಂತು ಎಂಬುದಕ್ಕೋಸ್ಕರ ಒಂದು ಹೆಂಗಸು ವರ್ಷವಿಡೀ ನೋವು ತಿನ್ನಬೇಕೆ?

ಪರಿಮಳಾ


ಹುಬ್ಬಳ್ಳಿ
೩ ಡಿಸೆಂಬರ್ ೧೯೯೭

ಶ್ರೀಮತಿ ಪರಿಮಳಾ ಹೆಗಡೆಯವರಿಗೆ,

ನಿಮ್ಮ ಕಳಕಳಿ ಅರ್ಥವಾಗುತ್ತದೆ. ಆದರೆ ನೀವು ನೋಡಿರುವುದು ಇಬ್ಬರನ್ನು. ನಮ್ಮ ಪರೀಕ್ಷೆಯಲ್ಲಿ ನೂರಕ್ಕೂ ಹೆಚ್ಚು ಜನರಿದ್ದಾರೆ. ಒಬ್ಬಿಬ್ಬರು ಗುಣವಾದದ್ದನ್ನು ನೋಡಿ ಇಡೀ ಊರಿಗೆ ಔಷಧ ಹಂಚಿ ಆಮೇಲೆ ಪಶ್ಚಾತ್ತಾಪ ಪಟ್ಟವರು ನಮ್ಮ ವೃತ್ತಿಯಲ್ಲಿ ಬೇಕಾದಷ್ಟು ಜನ.

ಇನ್ನೊಬ್ಬ ರೋಗಿಯ ವಿಷಯವನ್ನು ನಿಮಗೆ ಬರೆಯುವಂತಿಲ್ಲ. ಅವರ ಗುರುತುಗಳು ನನ್ನ ಮುಂದಿವೆ, ಅವು ನೀವು ಹೇಳುವಷ್ಟು ಕೆಟ್ಟದಾಗಿಲ್ಲ ಎಂದಷ್ಟೇ ಹೇಳಬಲ್ಲೆ. ಅವರೇ ಹಾಕಿದ ಗುರುತನ್ನು ಬಿಟ್ಟು ಬಸ್ಸಿನಲ್ಲಿ ಆಡಿದ ಮಾತಿನ ಮೇಲೆ ನಡೆಯಲು ನನಗೆ ಬರುವುದಿಲ್ಲ. ಡಬ್ಬಿ ಬದಲಿಸುವ ಪ್ರಶ್ನೆಯೇ ಇಲ್ಲ.

ಡಾ. ಕಿಶೋರ ಭಟ್ಟ


ಸಿರ್ಸಿ
೨೪ ಜನವರಿ ೧೯೯೮

ಡಾಕ್ಟರ್ ಕಿಶೋರ ಅವರಿಗೆ,

ಇಲ್ಲಿ ಎಲ್ಲರೂ ಕ್ಷೇಮ. ಅನ್ನಪೂರ್ಣವ್ವನ ವಿಷಯ ಇನ್ನು ನಿಮಗೆ ಬರೆಯುವುದಿಲ್ಲ. ನೀವು ಹೇಳಿದ್ದು ಸರಿಯಿರಬಹುದು.

ಒಂದು ಕೇಳಿಕೆ. ಫೆಬ್ರವರಿಯಲ್ಲಿ ನಮ್ಮ ಹುಡುಗಿಯರಿಗೆ ಸರಕಾರಿ ಟೈಪಿಂಗ್ ಪರೀಕ್ಷೆ. ನಾನು ಒಂದು ದಿನ ಬಿಟ್ಟರೂ ಅವರ ಬೆರಳು ಕೀ ತಪ್ಪುತ್ತದೆ. ಆ ತಿಂಗಳ ನನ್ನ ಡಬ್ಬಿಯನ್ನು ಅನ್ನಪೂರ್ಣವ್ವನ ಕೈಯಲ್ಲಿ ಕಳಿಸಬಹುದೇ? ಮಾರ್ಚಿನಲ್ಲಿ ಬಂದು ರಕ್ತ ಕೊಡುತ್ತೇನೆ.

ಪರಿಮಳಾ


ಹುಬ್ಬಳ್ಳಿ
೩೦ ಜನವರಿ ೧೯೯೮

ಶ್ರೀಮತಿ ಪರಿಮಳಾ ಹೆಗಡೆಯವರಿಗೆ,

ನೀವು ಸಮಾಧಾನ ತಂದುಕೊಂಡದ್ದು ಒಳ್ಳೆಯದಾಯಿತು. ಹೇಳಬಾರದು, ಆದರೂ ನಿಮ್ಮ ಮನಸ್ಸಿಗೆ ನೆಮ್ಮದಿಯಾಗಲಿ ಎಂದು ಹೇಳುತ್ತೇನೆ: ನೀವು ಚಿಂತೆ ಮಾಡುತ್ತಿದ್ದವರು ಈ ತಿಂಗಳು ನಗುತ್ತ ಬಂದಿದ್ದರು. ಹಿಡಿತದ ಬಲವೂ ಹೆಚ್ಚಿದೆ. ತಾಳ್ಮೆ ಬೇಕು ಎನ್ನುವುದು ಇದಕ್ಕೇ.

ನಿಮ್ಮ ರಕ್ತದಲ್ಲಿ ಬಿಳಿಕಣಗಳು ತುಸು ಇಳಿದಿವೆ, ಮಿತಿಯೊಳಗೇ ಇವೆ. ರಕ್ತ ನೋಡದೆ ಡಬ್ಬಿ ಕೊಡುವುದು ಕ್ರಮವಲ್ಲ. ಮಕ್ಕಳ ಪರೀಕ್ಷೆ ಎಂದಿರಿ, ಅದಕ್ಕಾಗಿ ಈ ಒಂದು ಸಲ ಕಳಿಸುತ್ತೇನೆ. ಮಾರ್ಚಿನಲ್ಲಿ ತಪ್ಪಿಸಬೇಡಿ.

ಕಿಶೋರ ಭಟ್ಟ


ಹುಬ್ಬಳ್ಳಿ, ಹೆಂಗಸರ ವಾರ್ಡು
೧೧ ಮಾರ್ಚ್ ೧೯೯೮

ಡಾಕ್ಟರೇ,

ಹುಣ್ಣಿನಿಂದ ಬಾಯಿ ತೆರೆಯಲಾಗುತ್ತಿಲ್ಲ, ಅದಕ್ಕೆ ಚೀಟಿ ಬರೆದು ನರ್ಸಮ್ಮನ ಕೈಗೆ ಕೊಡುತ್ತಿದ್ದೇನೆ. ನನ್ನ ನಂಬರಿನ ಲಕೋಟೆ ಒಡೆದೆವು, ಅದರಲ್ಲಿ ಸಕ್ಕರೆಯೆಂದು ಇದೆ, ಹಾಗಾಗಿ ಈ ಜ್ವರಕ್ಕೆ, ರಕ್ತ ಇಳಿದದ್ದಕ್ಕೆ ಬೇರೆ ಕಾರಣ ಹುಡುಕುತ್ತಿದ್ದೇವೆ ಎಂದು ಬೆಳಿಗ್ಗೆ ಹೇಳಿದಿರಿ. ಹುಡುಕಬೇಡಿ. ಡಿಸೆಂಬರಿನಿಂದ ನಾನು ನುಂಗುತ್ತಿರುವುದು ಅನ್ನಪೂರ್ಣವ್ವನ ಡಬ್ಬಿ. ನನ್ನದು ಅವರ ಹತ್ತಿರ ಇದೆ. ಬದಲಿಸೋಣ ಎಂದದ್ದು ನಾನು. ಅವರನ್ನು ಬೈಯಬೇಡಿ.


ಹುಬ್ಬಳ್ಳಿ
೬ ಏಪ್ರಿಲ್ ೧೯೯೮

ಶ್ರೀಮತಿ ಪರಿಮಳಾ ನಾಗಪತಿ ಹೆಗಡೆ, ಸಿರ್ಸಿ, ಇವರಿಗೆ

ಔಷಧ ಪರೀಕ್ಷೆಯ ನಿಯಮಗಳ ಉಲ್ಲಂಘನೆಯಾಗಿರುವ ಕಾರಣ ತಮ್ಮನ್ನು ಹಾಗೂ ಶ್ರೀಮತಿ ಅನ್ನಪೂರ್ಣವ್ವ ಅವರನ್ನು ಪರೀಕ್ಷೆಯಿಂದ ಕೈಬಿಡಲಾಗಿದೆ. ತಮ್ಮಲ್ಲಿ ಉಳಿದಿರುವ ಗುಳಿಗೆಗಳನ್ನು ಕೂಡಲೇ ಹಿಂದಿರುಗಿಸತಕ್ಕದ್ದು. ಮುಂದಿನ ಚಿಕಿತ್ಸೆಗೆ ಸಾಮಾನ್ಯ ಹೊರರೋಗಿ ವಿಭಾಗಕ್ಕೆ ಬರಬಹುದು.

ಡಾ. ಕಿಶೋರ ಭಟ್ಟ
(ಮುಖ್ಯಸ್ಥರ ಪರವಾಗಿ)


ಸಿರ್ಸಿ
೧೯ ಏಪ್ರಿಲ್ ೧೯೯೮

ಡಾಕ್ಟರ್ ಕಿಶೋರ ಅವರಿಗೆ,

ಮೊಹರು ಒತ್ತಿದ ನಿಮ್ಮ ಪತ್ರ ಬಂತು. ಗುಳಿಗೆ ಕಳಿಸಿದ್ದೇನೆ. ಕೈಬಿಟ್ಟದ್ದಕ್ಕೆ ನನ್ನ ತಕರಾರಿಲ್ಲ. ನಿಮ್ಮ ಸಿಟ್ಟು ಮಾತ್ರ ಮನಸ್ಸಿಗೆ ಹತ್ತಿದೆ.

ಹೇಗಾಯಿತೆಂದು ಒಮ್ಮೆ ಬರೆಯುತ್ತೇನೆ. ಡಿಸೆಂಬರಿನಲ್ಲಿ ನಿಮ್ಮ ಆಸ್ಪತ್ರೆಯಿಂದ ಬಸ್ ಸ್ಟ್ಯಾಂಡಿಗೆ ಬಂದು ಕೂತಿದ್ದೆವು. ಅನ್ನಪೂರ್ಣವ್ವ ಬುತ್ತಿಯ ಗಂಟು ಬಿಚ್ಚಲಾಗದೆ ಹಲ್ಲಿನಿಂದ ಕಚ್ಚಿ ಎಳೆಯುತ್ತಿದ್ದರು. ಬಿಚ್ಚಿಕೊಟ್ಟೆ. ಹಾಗೆಯೇ ಚೀಲದಿಂದ ನನ್ನ ಡಬ್ಬಿ ತೆಗೆದು ಅವರ ಮಡಿಲಿಗೆ ಹಾಕಿದೆ, ಅವರದನ್ನು ನಾನು ಇಟ್ಟುಕೊಂಡೆ. ‘ಬ್ಯಾಡ್ರಿ ಅಕ್ಕಾರ, ನಿಮಗ ಮತ್ತ ನೋವು ಬಂದ್ರ?’ ಎಂದರು. ‘ಒಂದು ತಿಂಗಳು ನಿಮಗೆ, ಒಂದು ತಿಂಗಳು ನನಗೆ’ ಎಂದೆ. ಜನವರಿಯಲ್ಲಿ ಅವರ ಕೈ ಎಷ್ಟು ಸಡಿಲವಾಗಿತ್ತೆಂದರೆ ವಾಪಸು ಕೇಳಲು ಮನಸ್ಸು ಬರಲಿಲ್ಲ. ನನ್ನ ಬಾಯಲ್ಲಿ ಆಗಲೇ ಹುಣ್ಣು ಎದ್ದಿತ್ತು. ಉಷ್ಣವೆಂದುಕೊಂಡು ತಂಬುಳಿ ಉಂಡೆ. ನಿಮಗೆ ಹೇಳಿದರೆ ಬೇರೆ ಪ್ರಶ್ನೆ ಕೇಳುತ್ತೀರೆಂದು ಹೇಳಲಿಲ್ಲ.

ವಾರ್ಡಿನಲ್ಲಿ ಚೀಟಿ ಓದಿ ನೀವು ಸ್ಟೂಲಿನ ಮೇಲೆ ಕೂತುಬಿಟ್ಟಿರಿ. ಅಲ್ಲಿಯವರೆಗೆ ನನ್ನೊಡನೆ ಪುಸ್ತಕದ ಕನ್ನಡ ಆಡುತ್ತಿದ್ದವರು ನಮ್ಮ ಮನೆಮಾತಿನಲ್ಲಿ, ‘ಪರಿಮಳಕ್ಕ, ಎಂತಕ್ಕೆ ಯನ್ಹತ್ರ ಹೇಳಿದ್ರಿಲ್ಲೆ?’ ಎಂದು ಕೇಳಿದಿರಿ. ನಾನು ಚೀಟಿಯ ಹಿಂದೆ ಬರೆದು ತೋರಿಸಿದೆ: ‘ಹೇಳಿದ್ದೆ. ನವೆಂಬರಿನಲ್ಲಿ.’ ನೀವು ಚೀಟಿಯನ್ನು ಜೇಬಿಗೆ ಹಾಕಿಕೊಂಡು ಎದ್ದು ಹೋದಿರಿ. ಆಮೇಲೆ ಸರಿಯಾದ ಔಷಧ ಬಂತು, ನಾನು ಬದುಕಿದೆ. ಹಾಗೆ ಬರೆದು ತೋರಿಸಬಾರದಿತ್ತೇನೋ. ಅದಕ್ಕೇ ಸಿಟ್ಟು ಬಂದಿರಬೇಕು. ಉತ್ತರ ಬರೆಯುತ್ತೀರಿ ಎಂದುಕೊಂಡಿದ್ದೇನೆ.

ಪರಿಮಳಾ


ಹುಬ್ಬಳ್ಳಿ
೧೮ ಅಕ್ಟೋಬರ್ ೧೯೯೯

ಪರಿಮಳಕ್ಕನಿಗೆ, ಕಿಶೋರನ ನಮಸ್ಕಾರ.

ಒಂದೂವರೆ ವರ್ಷದ ನಂತರ ಉತ್ತರ ಬರೆಯುತ್ತಿದ್ದೇನೆ. ಸಿಟ್ಟಿನಿಂದ ಸುಮ್ಮನಿದ್ದದ್ದಲ್ಲ. ವಿಚಾರಣೆ ಮುಗಿಯುವವರೆಗೆ ನಿಮ್ಮಿಬ್ಬರಿಗೂ ಪತ್ರ ಬರೆಯಕೂಡದೆಂದು ಮೇಲಿನವರ ಅಪ್ಪಣೆಯಿತ್ತು. ರಕ್ತ ನೋಡದೆ ಫೆಬ್ರವರಿಯ ಡಬ್ಬಿ ಕಳಿಸಿದವನು ನಾನೆಂದು ಬರೆದುಕೊಟ್ಟೆ. ನಿಮ್ಮ ನವೆಂಬರಿನ ಪತ್ರವನ್ನೂ ಜೊತೆಗಿಟ್ಟೆ. ನಾನು ಓದುತ್ತಿದ್ದ ಎಂ.ಡಿ. ಪದವಿ ಒಂದು ವರ್ಷ ಮುಂದೆ ಹೋಯಿತು, ಈಗ ಕೈಗೆ ಬಂದಿದೆ. ಅದಕ್ಕೆ ನೀವು ಮರುಗಬೇಕಾಗಿಲ್ಲ.

ಅನ್ನಪೂರ್ಣವ್ವನ ಡಬ್ಬಿಯಲ್ಲಿದ್ದದ್ದು ಔಷಧ ಎಂಬುದನ್ನು ನೀವು ಆಗಲೇ ಊಹಿಸಿರುತ್ತೀರಿ. ಅವರು ಮೆಟ್ಟಿಲು ಮೆಟ್ಟಿಲಾಗಿ ಹತ್ತಿದ್ದ ಪ್ರಮಾಣಕ್ಕೆ ನೀವು ಒಂದೇ ಸಲ ಹತ್ತಿದಿರಿ. ನಿಮ್ಮ ದೇಹ ತಡೆಯಲಿಲ್ಲ. ಲಕೋಟೆ ಸಕ್ಕರೆ ಎಂದಿತು, ನಾವು ಅದನ್ನು ನಂಬಿ ಬೇರೆ ಬೇರೆ ಜ್ವರ ಹುಡುಕುತ್ತ ಕೂತೆವು.

ಪರೀಕ್ಷೆ ಮುಗಿದು ಲೆಕ್ಕ ಬಂದಿದೆ. ಔಷಧ ಪಡೆದವರಲ್ಲಿ ಅರ್ಧದಷ್ಟು ಜನರಿಗೆ ಚೆನ್ನಾಗಿ ಗುಣ ಕಂಡಿದೆ. ಸಕ್ಕರೆ ಪಡೆದವರಲ್ಲಿ ನಾಲ್ವರಲ್ಲಿ ಒಬ್ಬರಿಗೆ. ಅಂದರೆ ಔಷಧ ನಿಜ. ಆದರೆ ಸಕ್ಕರೆ ತಿಂದು ಕಿರುಬೆರಳು ಆಡಿಸಿದ ನಿಮ್ಮಂಥವರೂ ನಿಜ. ಯಾಕೆ ಎಂದು ಕೇಳುತ್ತೀರಿ. ಈ ರೋಗ ತಾನಾಗಿ ಏರಿಳಿಯುತ್ತದೆ, ಅದಿರಬಹುದು. ಮಾಮೂಲಿ ಗುಳಿಗೆ ಹಿಡಿದಿರಬಹುದು. ತಿಂಗಳಿಗೊಮ್ಮೆ ಒಬ್ಬರು ಎದುರಿಗೆ ಕೂತು ಒಂದೊಂದೇ ಗೆಣ್ಣು ಒತ್ತಿ ಇಲ್ಲಿ ನೋವೇ, ಇಲ್ಲಿ ನೋವೇ ಎಂದು ಕೇಳಿದ್ದೂ ಇರಬಹುದು. ಯಾವುದರ ಪಾಲು ಎಷ್ಟೋ ನನಗೆ ಗೊತ್ತಿಲ್ಲ.

ಇನ್ನೊಂದು ಮಾತು. ನೋವು ತಡೆಯಲಾರದವರನ್ನು ಪರೀಕ್ಷೆಯಿಂದ ಹೊರತಂದು ಬೇರೆ ಚಿಕಿತ್ಸೆ ಕೊಡಬಹುದು ಎಂದು ನಿಯಮದಲ್ಲೇ ಇತ್ತು. ಡಬ್ಬಿ ಬದಲಿಸಬೇಕಾಗಿರಲಿಲ್ಲ. ಅನ್ನಪೂರ್ಣವ್ವನನ್ನು ಪಕ್ಕಕ್ಕೆ ಕರೆದು, ಮನೆಯಲ್ಲಿ ಹಾಲು ಯಾರು ಹಿಂಡುತ್ತಾರೆ ಎಂದು ಕೇಳಿದ್ದರೆ ಸಾಕಿತ್ತು. ಆನು ಕೇಳಿದ್ನಿಲ್ಲೆ.

ಈಗ ನಿಮ್ಮಿಂದ ಒಂದು ಉಪಕಾರವಾಗಬೇಕು. ಹೋದ ತಿಂಗಳು ಅವರು ಬಂದಿದ್ದರು. ಕೈಯ ಜೊತೆ ಮೊಣಕಾಲೂ ಹಿಡಿದಿದೆ. ಅವರಿಗೆ ಆ ಔಷಧವೇ ಬೇಕು, ಸಣ್ಣ ಪ್ರಮಾಣದಲ್ಲಿ ಶುರುಮಾಡಿ, ರಕ್ತ ನೋಡುತ್ತ. ನಾನು ಲೆಕ್ಕವನ್ನೆಲ್ಲ ಬಿಡಿಸಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ‘ನೀವು ಹೇಳೂದು ಖರೇನ ಇರಬೇಕ್ರಿ ಸಾಹೇಬ್ರ. ಆದ್ರ ಪರಿಮಳಕ್ಕಾರ ಬಾಯಿ ಹೆಂಗಾಗಿತ್ತು ಅಂತ ನಾ ಕಣ್ಣಾರೆ ನೋಡೇನ್ರಿ’ ಎಂದರು. ಗುಳಿಗೆ ಮನೆಗೆ ಒಯ್ದಿದ್ದಾರೆ, ನುಂಗುತ್ತಿಲ್ಲ. ಒಮ್ಮೆ ಹೋಗಿ ಬರುತ್ತೀರಾ? ಒಪ್ಪಿಸಿ ಎನ್ನುವುದಿಲ್ಲ. ಮಾತಾಡಿ ಬನ್ನಿ.

ನಿಮ್ಮ ಕೈ ಹೇಗಿದೆ? ಬಂದು ತೋರಿಸಿ.

ಕಿಶೋರ


ಸಿರ್ಸಿ
೧೨ ಡಿಸೆಂಬರ್ ೧೯೯೯

ಕಿಶೋರನಿಗೆ,

ಈ ಪತ್ರವನ್ನು ಟೈಪ್ ಮಾಡಿಕೊಡುತ್ತಿರುವವಳು ನನ್ನ ವಿದ್ಯಾರ್ಥಿನಿ. ನಾನು ಹೇಳುತ್ತಿದ್ದೇನೆ.

ನವೆಂಬರಿನಲ್ಲಿ ಬಂದು ನಿನಗೆ ಕೈ ತೋರಿಸಿದೆ. ನೀನು ರಕ್ತ ನೋಡಿ, ನಿಮಗೂ ಅದೇ ಗುಳಿಗೆ ಬೇಕು, ಸಣ್ಣದರಿಂದ ಶುರುಮಾಡೋಣ ಎಂದು ಬರೆದುಕೊಟ್ಟೆ. ನಾನು ಹೂಂ ಎಂದು ತೆಗೆದುಕೊಂಡು ಬಂದೆ. ಆಮೇಲೆ ನೀನು ಫೋನಿನಲ್ಲಿ ಕೇಳಿದಾಗಲೂ ನುಂಗುತ್ತಿದ್ದೇನೆ ಎಂದೆ. ಸುಳ್ಳು. ಗುಳಿಗೆ ಕಪಾಟಿನಲ್ಲಿತ್ತು. ದಿನಾ ಬೆಳಿಗ್ಗೆ ತೆಗೆದು ನೋಡುವುದು, ನಾಲಿಗೆಯಿಂದ ಬಾಯೊಳಗೆಲ್ಲ ಸವರಿಕೊಳ್ಳುವುದು, ಇಡುವುದು. ನಮ್ಮನೆಯವರೂ ನುಂಗು ಎನ್ನಲಿಲ್ಲ. ಅವರೂ ಆ ವಾರ್ಡಿನ ಹೊರಗೆ ಬೆಂಚಿನ ಮೇಲೆ ಮಲಗಿದ್ದವರು.

ಹಾಗಿದ್ದೂ ನೀನು ಹೇಳಿದೆಯೆಂದು ಮೊನ್ನೆ ಗುರುವಾರ ದಾಸನಕೊಪ್ಪಕ್ಕೆ ಹೋದೆ. ಗುಳಿಗೆಯನ್ನು ಚೀಲದಲ್ಲಿಟ್ಟುಕೊಂಡೇ ಹೋದೆ. ಅವರಿಗೆ ತೋರಿಸಿ ಧೈರ್ಯ ಹೇಳುವುದು ನನ್ನ ಲೆಕ್ಕಾಚಾರವಾಗಿತ್ತು. ಅನ್ನಪೂರ್ಣವ್ವ ಜಗಲಿಯ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದರು. ‘ಬರ್ರಿ ಅಕ್ಕಾರ’ ಎಂದರು, ಏಳಲಾಗಲಿಲ್ಲ. ಸೊಸೆ ಅವಲಕ್ಕಿ ತಂದಿಟ್ಟಳು. ನಮ್ಮಿಬ್ಬರಿಗೂ ಚಮಚ ಹಿಡಿಯುವುದೇ ಕಷ್ಟ, ಮಕ್ಕಳ ಹಾಗೆ ಚೆಲ್ಲಿಕೊಂಡು ತಿಂದೆವು.

ನಾನು ನೀನು ಹೇಳಿದ್ದನ್ನೆಲ್ಲ ಹೇಳಿದೆ. ಅರ್ಧ ಜನ, ನಾಲ್ವರಲ್ಲಿ ಒಬ್ಬರು, ಸಣ್ಣ ಪ್ರಮಾಣ, ರಕ್ತ. ಅವರು ಕೇಳಿ, ‘ಅದನ್ನ ಡಾಕ್ಟ್ರು ಹೇಳ್ಯಾರ್ರಿ. ನೀವು ನುಂಗಾಕತ್ತೀರೇನ್ರಿ?’ ಎಂದರು.

ಮುಖ ನೋಡಿಕೊಂಡು ಸುಳ್ಳು ಹೇಳಲು ಆಗಲಿಲ್ಲ. ‘ಇಲ್ಲ, ಹೆದರಿಕೆ’ ಎಂದೆ.

ಅವರು ನಗಲು ಶುರುಮಾಡಿದರು. ನನಗೂ ನಗು ಬಂತು. ಸೊಸೆ ಒಳಗಿನಿಂದ ಬಂದು ಏನಾಯಿತೆಂದು ನೋಡಿ ಹೋದಳು. ಆಮೇಲೆ ಅವರು ಕಣ್ಣೊರೆಸಿಕೊಂಡು, ‘ಹಾಲು ಹಿಂಡೂದು ಹೋತು, ಆತು. ಈಗ ಕೂಸಿನ ಎತ್ತಾಕೂ ಬರವಲ್ದ್ರಿ’ ಎಂದರು. ಮೊಮ್ಮಗು ಪಕ್ಕದಲ್ಲೇ ಗೋಣಿತಾಟಿನ ಮೇಲೆ ಮಲಗಿತ್ತು.

ನಾನು ಚೀಲದಿಂದ ಗುಳಿಗೆ ತೆಗೆದೆ. ಸೊಸೆಯನ್ನು ಕರೆದು ಎರಡು ಲೋಟ ನೀರು ತರಿಸಿದೆ. ಮೊದಲು ನಾನು ನುಂಗಿದೆ. ಗುಳಿಗೆ ಗಂಟಲಲ್ಲೇ ನಿಂತ ಹಾಗಾಗಿ ಇನ್ನೊಂದು ಗುಟುಕು ಕುಡಿದೆ. ಅನ್ನಪೂರ್ಣವ್ವ ನನ್ನ ಬಾಯಿಯನ್ನೇ ನೋಡುತ್ತಿದ್ದರು, ಆಗಲೇ ಹುಣ್ಣು ಏಳುತ್ತದೇನೋ ಎಂಬಂತೆ. ಆಮೇಲೆ ಸೊಸೆಗೆ, ‘ಅಲ್ಲಿ ಮಾಡದಾಗ ನಂದೂ ಐತಿ, ತಗೊಂಬಾ’ ಎಂದರು.

ಈಗ ದಿನವೂ ನಡೆದಿದೆ. ಅಲ್ಲಿನ ಅಂಗಡಿಯ ಫೋನಿಗೆ ಮಾಡಿ ಕೇಳುತ್ತೇನೆ, ಅವರೂ ನನ್ನನ್ನು ಕೇಳುತ್ತಾರೆ. ನಾವು ಒಬ್ಬರ ಮುಖ ಒಬ್ಬರು ನೋಡಿ ನುಂಗಿದ್ದೇವೆ, ಕಿಶೋರ. ರಕ್ತ ನೋಡುವುದು ನಿನ್ನ ಕೆಲಸ. ಬುಧವಾರ ಮೊದಲ ಬಸ್ಸಿಗೆ ಇಬ್ಬರೂ ಬರುತ್ತೇವೆ.

ಪರಿಮಳಕ್ಕ